ಹತ್ತು ತಿಂಗಳ ಪಗಾರ

ಮೊನ್ನೆ ಸಯನ್ ಸ್ಟೇಷನ್ನಿನ ಹೊರಗೆ ಗವತಿ ಚಹಾದ ಒಂದು ಕಟ್ಟು ಕೊಂಡೆ. ಮಜ್ಜಿಗೆ ಹುಲ್ಲು ಅನ್ನುತ್ತೇವಲ್ಲ, ಅದೇ. ಮುಂಬಯಿಯವರು ಅದನ್ನು ಚಹಾಕ್ಕೆ ಹಾಕಿ ಕುದಿಸುತ್ತಾರೆ. ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಯಾರದೋ ಮೊಣಕೈ ತಗಲಿ ಚೀಲದೊಳಗಿನ ಹುಲ್ಲು ಜಜ್ಜಿಹೋಗಿ ಡಬ್ಬಿಯ ತುಂಬ ವಾಸನೆ ಹರಡಿತು. ಪಕ್ಕದಲ್ಲಿ ನಿಂತವಳು ಮೂಗರಳಿಸಿ, "ಅಬ್ ತೋ ಚಾಯ್ ಪೀನೀ ಪಡೇಗೀ" ಎಂದು, ಇನ್ನು ಚಹಾ ಕುಡಿಯಲೇಬೇಕು ಅನ್ನುವಂತೆ ನಕ್ಕಳು. ನನಗೆ ನೆನಪಾದದ್ದು ಚಹಾ ಅಲ್ಲ, ಸಾರು. ಥಾಯ್ಲೆಂಡಿನ ಒಂದು ಸಣ್ಣ ಊರಿನ ಶಾಲೆಯ ಕ್ಯಾಂಟೀನಿನಲ್ಲಿ ಇದೇ ಹುಲ್ಲು ಬಿದ್ದು ದಿನವೂ ಕುದಿಯುತ್ತಿದ್ದ ಸಾರು. ನಾನು ಶಾಕಾಹಾರಿ ಎಂದು ಎಷ್ಟು ಸಲ ಹೇಳಿದರೂ ಅದರಲ್ಲಿ ಒಂದಾದರೂ ಸೀಗಡಿ ತೇಲಿಕೊಂಡು ಬರುತ್ತಿತ್ತು.

ಆ ಶಾಲೆಗೆ ನಾನು ಹೋದದ್ದು ಇಂಗ್ಲಿಷ್ ಕಲಿಸಲು. ವಿಜಯಪುರದ ಹತ್ತಿರದ ಹಳ್ಳಿಯಲ್ಲಿ, ಐದನೆಯ ಇಯತ್ತೆಗೆ ಬಂದಮೇಲೆ ಎ ಬಿ ಸಿ ಡಿಯ ಮುಖ ಕಂಡವಳು ಸಮುದ್ರ ದಾಟಿ ಇಂಗ್ಲಿಷ್ ಕಲಿಸಲು ಹೋದಳು ಎಂದರೆ ನನಗೇ ನಗು ಬರುತ್ತದೆ. ಆದರೆ ಹೋಗುವ ಮೊದಲು ಸಯನ್ನಿನ ಒಂದು ಕನ್ನಡ ಶಾಲೆಯಲ್ಲಿ ಹದಿನಾರು ವರ್ಷ ಇಂಗ್ಲಿಷ್ ಪಾಠ ಮಾಡಿದ್ದೆ. ವರ್ಷದಿಂದ ವರ್ಷಕ್ಕೆ ಮಕ್ಕಳು ಕಡಿಮೆಯಾಗಿ, ಕೊನೆಗೆ ಎರಡು ತರಗತಿಗಳು ಒಂದೇ ಕೋಣೆಯಲ್ಲಿ ಕೂತವು. "ಇನ್ನು ಮುಂದೆ ತಾಸಿನ ಲೆಕ್ಕದ ಮೇಲೆ ಬನ್ನಿ" ಎಂದು ಆಡಳಿತದವರು ಹೇಳಿದರು. ಅದೇ ವರ್ಷ ಭಾಂಡುಪಿನಲ್ಲಿ ನನ್ನ ಗಂಡ ದುಡಿಯುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿತು. ಮಗಳು ಆಗ ಏಳನೆಯ ತರಗತಿ. ಪೇಪರಿನಲ್ಲಿ ಬಂದ ಜಾಹೀರಾತನ್ನು ಕತ್ತರಿಸಿ ನನ್ನ ಮುಂದೆ ಇಟ್ಟವರು ಗಂಡನೇ. "ನೀ ಹೋಗು. ಅಡಿಗಿ, ಅಭ್ಯಾಸ, ಎಲ್ಲಾ ನಾ ನೋಡ್ಕೋತೀನಿ" ಎಂದರು. ಆಗ ಅವರಿಗೆ ಅನ್ನಕ್ಕೆ ನೀರು ಎಷ್ಟಿಡಬೇಕು ಎಂಬುದೂ ಗೊತ್ತಿರಲಿಲ್ಲ.

ಜಾಹೀರಾತಿನ ಏಜೆಂಟನ ಆಫೀಸು ಮಲಾಡಿನಲ್ಲಿತ್ತು. ಅವನು ಒಂದು ಬಣ್ಣದ ಕಾಗದ ಕೊಟ್ಟ. ಒಳ್ಳೆಯ ಸಂಬಳ, ಉಚಿತ ವಸತಿ, ವಿಮಾನದ ಟಿಕೆಟ್, ಆರೋಗ್ಯ ವಿಮೆ. ಅದನ್ನು ಎತ್ತಿಕೊಂಡು ನಾನು ಸೀದಾ ಕಮಲಾಬಾಯಿ ಅಕ್ಕೋರ ಮನೆಗೆ ಹೋದೆ. ನಮ್ಮ ಶಾಲೆಯ ನಿವೃತ್ತ ಮುಖ್ಯ ಶಿಕ್ಷಕಿ ಅವರು, ಧಾರವಾಡದವರು. ವಿದೇಶವೆಂದರೆ ಏನೆಂದು ಅವರು ಕಂಡವರಲ್ಲ. ಆದರೆ ಕಾಗದ ಕೈಗೆ ಬಂದರೆ ಉತ್ತರ ಪತ್ರಿಕೆ ತಿದ್ದುವ ಹಾಗೆಯೇ ಓದುತ್ತಿದ್ದರು.

"ವಸತಿ ಉಚಿತ ಅಂತ ಬರದಾರ. ಕೋಣಿ ನಿನಗೊಬ್ಬಾಕಿಗೋ, ನಾಲ್ಕ ಮಂದಿಗೋ? ತಿಕೀಟ ಹೋಗೂದಷ್ಟೋ, ಬರೂದೂ ಕೊಡ್ತಾರೋ? ವರ್ಷಕ್ಕ ಎಷ್ಟ ತಿಂಗಳ ಪಗಾರ?"

"ಹನ್ನೆರಡು ಇರ್ತದಲ್ರೀ ಅಕ್ಕೋರ. ವರ್ಷಕ್ಕ ಅಷ್ಟ ಅಲ್ಲೇನ್ರಿ ಇರೂದು?"

"ಇರೂದು ಹನ್ನೆರಡ. ಕೊಡೂದು ಎಷ್ಟಂತ ಕೇಳ, ತಂಗಿ."

ಮರುದಿನ ಮಲಾಡಿಗೆ ಹೋಗಿ ಮೊದಲೆರಡು ಪ್ರಶ್ನೆ ಕೇಳಿದೆ. ಕೋಣೆ ನನಗೊಬ್ಬಳಿಗೇ. ಟಿಕೆಟ್ ಎರಡೂ ಕಡೆಯದು, ಬರುವುದರದ್ದು ಕೆಲಸ ಮುಗಿದ ಮೇಲೆ. ಮೂರನೆಯದನ್ನು ಕೇಳಬೇಕು ಅನ್ನುವಷ್ಟರಲ್ಲಿ ಏಜೆಂಟ್ ಗಡಿಯಾರ ನೋಡಿಕೊಂಡ. ನನಗೆ ಸಂಕೋಚವಾಯಿತು. ಒಂಬತ್ತು ಪುಟದ ಕರಾರು ಪತ್ರವನ್ನು ಆರು ಪುಟದವರೆಗೆ ಓದಿ, ಉಳಿದದ್ದನ್ನು ಓದಿದವಳಂತೆ ತಲೆಯಾಡಿಸಿ ಸಹಿ ಮಾಡಿದೆ. ಮಕ್ಕಳಿಗೆ ಹದಿನಾರು ವರ್ಷ "ಪ್ರಶ್ನೆ ಪೂರ್ತಿ ಓದಿ ಉತ್ತರ ಬರೀರಿ" ಎಂದು ಹೇಳಿದವಳು ನಾನೇ.

ಹೋಗುವ ಮೊದಲು ನನಗೆ ಇಂಗ್ಲಿಷ್ ಬರುತ್ತದೆ ಎಂದು ತೋರಿಸಲು ಒಂದು ಪರೀಕ್ಷೆಗೂ ಕೂರಬೇಕಾಯಿತು. ಅಲ್ಲಿಗೆ ಹೋದಮೇಲೆ ಗೊತ್ತಾಯಿತು, ನನ್ನ ಜೊತೆಗೇ ಸೇರಿದ ಟಾಮ್‌ಗೆ ಆ ಪರೀಕ್ಷೆ ಇರಲಿಲ್ಲ. ಅವನು ಇಂಗ್ಲೆಂಡಿನವನು. ಒಳ್ಳೆಯವನೇ. ಅದಕ್ಕೆ ಮುಂಚೆ ಯಾವ ತರಗತಿಯ ಮುಂದೂ ನಿಂತವನಲ್ಲ. ಶಾಲೆ ಬಿಟ್ಟ ಮೇಲೆ ವ್ಯಾಕರಣದ ಪುಸ್ತಕ ಹಿಡಿದು ನನ್ನ ಮೇಜಿಗೆ ಬಂದು, ಪ್ರೆಸೆಂಟ್ ಪರ್ಫೆಕ್ಟ್ ಎಂದರೆ ಏನು ಎಂದು ಕೇಳುತ್ತಿದ್ದ. ಹುಟ್ಟಿದಾಗಿನಿಂದ ಮಾತಾಡುವವನು ಅದರ ಹೆಸರು ಏಕೆ ತಿಳಿದುಕೊಳ್ಳಬೇಕು, ಹೇಳಿ. ಅವನ ಸಂಬಳ ನನ್ನದರ ಹೆಚ್ಚುಕಡಿಮೆ ಎರಡರಷ್ಟು. ಅದನ್ನು ಅವನೇ ಮುಚ್ಚುಮರೆಯಿಲ್ಲದೆ ಹೇಳಿದ್ದ.

ಪಕ್ಕದ ಕೋಣೆಯಲ್ಲಿ ರೋಸಾ ಇದ್ದಳು. ಫಿಲಿಪೀನ್ಸಿನವಳು, ನನ್ನ ಜೊತೆಗೇ ಸೇರಿದವಳು, ಅವಳದೂ ನನ್ನಂಥದೇ ಕರಾರು. ಮೂರನೆಯ ತಿಂಗಳು, ಮಳೆ ಹಿಡಿದಿದ್ದ ಹೊತ್ತಿನಲ್ಲಿ ಅವಳಿಗೆ ಡೆಂಗಿ ಬಂತು. ಬೆಳಿಗ್ಗೆ ಮೊದಲ ಪೀರಿಯಡ್ಡಿನಲ್ಲೇ ಕುಸಿದು ಕೂತಳು. ನಾನೂ ಟಾಮೂ ಆಸ್ಪತ್ರೆಗೆ ಸೇರಿಸಿದೆವು. ಆಸ್ಪತ್ರೆಯವರು ವಿಮೆಯ ಕಾರ್ಡು ಕೇಳಿದರು. ನಾನು ಶಾಲೆಯ ಆಫೀಸಿಗೆ ಫೋನ್ ಮಾಡಿದೆ. ಅಲ್ಲಿ ಶಿಕ್ಷಕರ ವಿಷಯ ನೋಡಿಕೊಳ್ಳುತ್ತಿದ್ದವಳು ನೋಯ್ ಎಂಬ ಹೆಣ್ಣುಮಗಳು. "ಪ್ರೊಬೇಷನ್ ನಾಲ್ಕು ತಿಂಗಳು. ಅದು ಮುಗಿದ ಮೇಲೆಯೇ ವಿಮೆ" ಎಂದಳು. ಮನೆಗೆ ಕಳಿಸಲು ಇಟ್ಟಿದ್ದ ಹಣವನ್ನು ನಾನು ಕಟ್ಟಿದೆ. ಕಡಿಮೆ ಬಿದ್ದದ್ದನ್ನು ಟಾಮ್ ಕೊಟ್ಟ.

ಆ ಮಧ್ಯಾಹ್ನ ರೋಸಾಳ ಮಂಚದ ಪಕ್ಕ ಕೂತು, ಕೋಣೆಯಿಂದ ತಂದ ನನ್ನ ಕರಾರು ಪತ್ರವನ್ನು ಮೊದಲ ಸಲ ಕೊನೆಯವರೆಗೆ ಓದಿದೆ. ವಿಮೆಯ ಮಾತು ನೋಯ್ ಹೇಳಿದಂತೆಯೇ ಏಳನೆಯ ಪುಟದಲ್ಲಿತ್ತು. ಅದರ ಕೆಳಗೆ ಇನ್ನೊಂದು ಸಾಲು: ಸಂಬಳ ವರ್ಷಕ್ಕೆ ಹತ್ತು ತಿಂಗಳು. ಮಾರ್ಚ್ ನಡುವಿನಿಂದ ಮೇ ನಡುವಿನವರೆಗಿನ ರಜೆಗೆ ಸಂಬಳವಿಲ್ಲ. ಮಗಳ ಶಾಲೆಯ ಫೀ ಕಟ್ಟಬೇಕಾದ ತಿಂಗಳುಗಳು ಅವೇ. ನಾನು ಸಂಜೆ ಟಾಮ್‌ನನ್ನು, ನಿನ್ನ ಕರಾರಿನಲ್ಲಿ ಏನಿದೆ ಎಂದು ಕೇಳಿದೆ. ಅವನು ಕೋಣೆಗೆ ಹೋಗಿ ತನ್ನ ಕರಾರು ಪತ್ರ ತಂದು ನನ್ನ ಕೈಗೆ ಕೊಟ್ಟ. ಹನ್ನೆರಡು ತಿಂಗಳ ಸಂಬಳ, ಮೊದಲ ದಿನದಿಂದಲೇ ವಿಮೆ. "ಇದು ಸರಿಯಲ್ಲ. ಬೇಕಾದರೆ ಇದನ್ನು ಆಫೀಸಿಗೆ ತೆಗೆದುಕೊಂಡು ಹೋಗಿ" ಎಂದ.

ತೆಗೆದುಕೊಂಡು ಹೋಗುವುದು ಅಷ್ಟು ಸುಲಭವಿರಲಿಲ್ಲ. ನನ್ನ ವೀಸಾ ಆ ಶಾಲೆಯ ಕೆಲಸಕ್ಕೆ ಕಟ್ಟಿದ್ದು. ಕೆಲಸ ಹೋದರೆ ಪೆಟ್ಟಿಗೆ ಕಟ್ಟಬೇಕು. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಅಕ್ಕೋರಿಗೆ ಫೋನ್ ಮಾಡಿದೆ, ಮೂರನೆಯ ಪ್ರಶ್ನೆ ಕೇಳದೆ ಬಂದದ್ದನ್ನೂ ಒಪ್ಪಿಕೊಂಡೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಅಂದದ್ದು ಇಷ್ಟೇ: "ಕೆಲಸ ಹೋದ್ರ ವಾಪಸ್ ಬಾ. ಸಯನ್‌ದಾಗ ನಮ್ಮನಿ ಐತಿ, ಭಾಂಡುಪ್‌ದಾಗ ನಿಮ್ಮನಿ ಐತಿ. ಆದ್ರ ಕೇಳದ ಮಾತ್ರ ಬರಬ್ಯಾಡ."

ಮರುದಿನ ಊಟದ ಬಿಡುವಿನಲ್ಲಿ ನೋಯ್‌ಳ ಮೇಜಿನ ಮೇಲೆ ಎರಡು ಕರಾರು ಪತ್ರಗಳನ್ನು ಅಕ್ಕಪಕ್ಕ ಇಟ್ಟೆ.

"ಅವನು ನೇಟಿವ್ ಸ್ಪೀಕರ್, ಇಂಗ್ಲಿಷ್ ಅವನ ತಾಯ್ನುಡಿ" ಎಂದಳು ನೋಯ್.

"ಸಂಬಳದ ಮಾತು ಆಮೇಲೆ ಆಡೋಣ. ಅವನಿಗೆ ಬಂದರೂ ಡೆಂಗಿಯೇ, ರೋಸಾಗೆ ಬಂದರೂ ಡೆಂಗಿಯೇ. ಸೊಳ್ಳೆ ಪಾಸ್‌ಪೋರ್ಟ್ ನೋಡುವುದಿಲ್ಲ. ರಜೆಯಲ್ಲಿ ಅವನಿಗೆ ಹಸಿವಾದರೆ ನಮಗೂ ಆಗುತ್ತದೆ."

ಅವಳು ಪುಟ ತಿರುವಿ ಎರಡನ್ನೂ ಹೋಲಿಸಿ ನೋಡಿದಳು. "ಇದು ನಾನು ಬರೆದದ್ದಲ್ಲ" ಎಂದಳು ಮೆಲ್ಲಗೆ. "ನಿರ್ದೇಶಕರ ಬಳಿ ಒಯ್ಯುತ್ತೇನೆ. ಆದರೆ ಕೇಳಿದವರು ಯಾರು ಎಂದು ಹೆಸರು ಹೇಳಬೇಕಾಗುತ್ತದೆ."

ಆ ಕ್ಷಣದಲ್ಲಿ ಮಗಳು, ಗಂಡ ಮತ್ತು ಅವರ ಸೀದ ಅನ್ನ ಎಲ್ಲವೂ ಕಣ್ಣ ಮುಂದೆ ಬಂದವು. "ಹೇಳಿ" ಎಂದೆ. ಅವಳಿಗೆ ನನ್ನ ಹೆಸರು ಸರಿಯಾಗಿ ಬರೆಯಲು ಬರುತ್ತಿರಲಿಲ್ಲ. ಒಂದೊಂದೇ ಅಕ್ಷರ ಹೇಳಿ ಬರೆಸಿದೆ.

ಮೂರು ವಾರ ಯಾರೂ ಏನೂ ಹೇಳಲಿಲ್ಲ. ಕಾರಿಡಾರಿನಲ್ಲಿ ನಿರ್ದೇಶಕರು ಎದುರಾದರೆ ನಮಸ್ಕಾರಕ್ಕೆ ಪ್ರತಿನಮಸ್ಕಾರ, ಅಷ್ಟೇ. ನಾನು ದಿನವೂ ಪಾಠ ಮಾಡಿದೆ, ಸಾರಿನಿಂದ ಸೀಗಡಿ ಹೆಕ್ಕಿ ತೆಗೆದೆ, ಪೆಟ್ಟಿಗೆಯನ್ನು ಮಂಚದ ಕೆಳಗಿನಿಂದ ಹೊರಗೆ ಎಳೆದು ಮತ್ತೆ ಒಳಗೆ ತಳ್ಳಿದೆ. ನಾಲ್ಕನೆಯ ವಾರ ನೋಯ್ ಎಂಟು ಜನರನ್ನು ಕರೆದಳು. ಫಿಲಿಪೀನ್ಸಿನವರು, ಕ್ಯಾಮರೂನಿನವನೊಬ್ಬ, ನಾನು. ಹೊಸ ಕರಾರು ಪತ್ರಗಳಿದ್ದವು. ಹನ್ನೆರಡು ತಿಂಗಳು. ವಿಮೆ ಕೂಡಲೇ. ರೋಸಾಳ ಆಸ್ಪತ್ರೆಯ ಖರ್ಚು ವಾಪಸ್. ಸಂಬಳದ ಅಂತರ ಮಾತ್ರ ಇದ್ದಲ್ಲೇ ಇತ್ತು, ಅದನ್ನು ಅಲುಗಿಸಲು ನನ್ನಿಂದ ಆಗಲಿಲ್ಲ. ಎಂಟೂ ಜನ ಸಹಿ ಮಾಡುವ ಮೊದಲು ಒಂಬತ್ತೂ ಪುಟ ಓದಿದೆವು. ಅದಕ್ಕೆ ಒಂದು ತಾಸು ಹಿಡಿಯಿತು. ನೋಯ್ ಎಲ್ಲರಿಗೂ ನೀರು ತರಿಸಿದಳು.

ಮೂರು ವರ್ಷ ದುಡಿದೆ. ಮಗಳು ಹತ್ತನೆಯದು ಮುಗಿಸಿದ ವರ್ಷ ನನ್ನ ಕರಾರನ್ನು ಶಾಲೆಯವರು ಮುಂದುವರಿಸಲಿಲ್ಲ. ಹೆಚ್ಚು ನೇಟಿವ್ ಸ್ಪೀಕರುಗಳು ಬೇಕಂತೆ. ಕೇಳಿದ್ದಕ್ಕೆ ತೆತ್ತ ಬೆಲೆಯೋ, ನಿಜವಾದ ಕಾರಣವೋ, ಇವತ್ತಿಗೂ ಗೊತ್ತಿಲ್ಲ. ಬೇಜಾರಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ವಿಮಾನ ನಿಲ್ದಾಣದವರೆಗೆ ರೋಸಾ ಬಂದಿದ್ದಳು. ಅವಳು ಈಗಲೂ ಅಲ್ಲೇ ಇದ್ದಾಳೆ, ಹನ್ನೆರಡು ತಿಂಗಳ ಸಂಬಳದಲ್ಲಿ.

ಈಗ ನಾನು ಮಲಾಡಿನ ಒಂದು ಕೋಚಿಂಗ್ ಕ್ಲಾಸಿನಲ್ಲಿ, ವಿದೇಶಕ್ಕೆ ಕೆಲಸಕ್ಕೆ ಹೊರಟ ಶಿಕ್ಷಕಿಯರಿಗೆ ಮಾತಾಡುವ ಇಂಗ್ಲಿಷ್ ಕಲಿಸುತ್ತೇನೆ. ಪಾಠದ ನಡುವೆ ಕರಾರಿನ ಮಾತೂ ಬರುತ್ತಿತ್ತು. ಹೋದ ವಾರ ಮಾಲೀಕರು ಕರೆದು, "ಟೀಚರ್, ನೀವು ಉಚ್ಚಾರ ಅಷ್ಟೇ ಕಲಿಸಿ. ಪಗಾರ, ವಿಮೆ ಎಲ್ಲಾ ಏಜೆಂಟರ ಕೆಲಸ. ಅವರೇ ನಮಗೆ ಸ್ಟೂಡೆಂಟ್ಸ್ ಕಳಿಸೋದು" ಎಂದಿದ್ದರು. ನಾನು ಹೂಂ ಎಂದು ಬಂದಿದ್ದೆ. ಕೆಲಸ ಬೇಕಲ್ಲ. ಮೊನ್ನೆ ಆ ಹುಲ್ಲಿನ ವಾಸನೆಯೊಂದಿಗೆ ಭಾಂಡುಪಿನಲ್ಲಿ ಇಳಿಯುವ ಹೊತ್ತಿಗೆ ಆ ಹೂಂ ಅನ್ನು ವಾಪಸ್ ತೆಗೆದುಕೊಳ್ಳಬೇಕು ಎಂದು ನಿರ್ಧರಿಸಿದ್ದೆ.

ಇವತ್ತು ತರಗತಿಗೆ ಹೋದವಳೇ ಹಲಗೆಯ ಮೇಲೆ ಒಂದೇ ಒಂದು ಇಂಗ್ಲಿಷ್ ವಾಕ್ಯ ಬರೆದೆ. "ದಯವಿಟ್ಟು ಇದನ್ನು ನನಗೆ ಬರೆದು ಕೊಡುತ್ತೀರಾ?" ಎಂಬ ಅರ್ಥದ್ದು. ಮುಂದಿನ ಬೆಂಚಿನ ಪೂಜಾ ಬೆಳಗಾವಿ ಕಡೆಯ ಮನೆಯವಳು, ಹುಟ್ಟಿದ್ದು ಬೆಳೆದದ್ದು ಇಲ್ಲೇ, ಮುಂದಿನ ತಿಂಗಳು ಹೊರಡುವವಳು. ಅವಳು ಮೆಲ್ಲಗೆ ಕೇಳಿದಳು: "ಮಿಸ್, ಹೀಗೆ ಕೇಳಿದ್ರೆ ಅವರು ನಾರಾಜ್ ಆಗಲ್ಲಾ?"

"ಆಗಬಹುದು. ಎದ್ದು ನಿಂತು ಹೇಳು."

ಮೊದಲ ಸಲ ಅವಳ ದನಿ ಅರ್ಧಕ್ಕೇ ಇಳಿಯಿತು. ಎರಡನೆಯ ಸಲ ಕೊನೆಯವರೆಗೆ ಹೋಯಿತು, ಆದರೆ ನೆಲ ನೋಡುತ್ತ. ಅಷ್ಟರಲ್ಲಿ ಮಾಲೀಕರು ಬಾಗಿಲಿಗೆ ಬಂದು ನಿಂತರು, ಹಲಗೆಯನ್ನು ಓದಿದರು, ನನ್ನನ್ನು ನೋಡಿದರು. ನಾನು ಅವರಿಗೆ ನಮಸ್ಕಾರ ಹೇಳಿ ಪೂಜಾಳ ಕಡೆ ತಿರುಗಿದೆ.

"ಇನ್ನೊಮ್ಮೆ" ಎಂದೆ. "ಈ ಸಲ ಅವರ ಮುಖ ನೋಡಿ ಹೇಳು."

ಅವಳು ಮಾಲೀಕರ ಮುಖ ನೋಡಿಯೇ ಹೇಳಿದಳು.