ಬಾಯಮ್ಮನ ಏಳನೇ ಬಾಟಲಿ

ಇವತ್ತು ಐದಕ್ಕೆ ಎದ್ದು ಎರಡು ದನಗಳ ಹಾಲು ಕರೆದೆ. ಹಟ್ಟಿ ತೊಳೆದೆ. ಡೈರಿಗೆ ಹಾಲು ಕೊಟ್ಟು ಬಂದು ಉದ್ದು ನೆನೆಹಾಕಿದೆ. ಅತ್ತೆಯ ಮೊಣಕಾಲಿಗೆ ಎಣ್ಣೆ ಹಚ್ಚಿದೆ. ಆಮೇಲೆ ಎರಡು ಸಲ ಸೋಪು ಹಾಕಿ ಕೈ ತೊಳೆದು, ಗ್ಲೌಸು ತೊಟ್ಟು, ಮನೆಯ ಕೆಳಗೆ ಹರಿದು ಕಡಲು ಸೇರುವ ತೋಡಿನ ಬದಿಗೆ ಹೋಗಿ ಬಾಟಲಿ ತುಂಬಿಸಿದೆ. ಎರಡು ಸಲ ಕೈ ತೊಳೆಯಲು ಕಲಿಸಿದವರು ಈಗ ಇಲ್ಲ.

ಅವರ ಎಡಗಾಲಿನ ಮೀನಖಂಡದ ಮೇಲೆ ಗೇಣುದ್ದದ ಬಿಳಿ ಗೆರೆ ಇತ್ತು. ಹವಳ ಕೊಯ್ದ ಗಾಯ. ಮೊದಲ ದಿನ ನಾನು ಅದನ್ನೇ ನೋಡುತ್ತಿದ್ದೆ. "ಕಾಪುವಿನ ಹವಳವೇ ಕೊಯ್ದದ್ದು ಅಕ್ಕ, ಹೊರಗಿನದ್ದಲ್ಲ" ಎಂದು ಹೆಮ್ಮೆಯಿಂದ ಹೇಳಿದರು. ನಮ್ಮ ಕಡಲಿನ ಮುಳುಗು ಬಂಡೆಗಳ ಆಚೆ ಬದಿಯಲ್ಲಿ ಅಂಗೈಯಷ್ಟಗಲದ ಹವಳಗಳು ಉಂಟು ಎಂದು ಅಲ್ಲಿಯತನಕ ನನಗೆ ಗೊತ್ತೇ ಇರಲಿಲ್ಲ.

ಅವರ ಊರು ಶಿರ್ವ, ಕೆಲಸ ಮಣಿಪಾಲದ ಒಂದು ಲ್ಯಾಬಿನಲ್ಲಿ. ಕ್ರೈಸ್ತ ಹೆಂಗಸರನ್ನು ನಮ್ಮ ಕಡೆ ಕರೆಯುವ ಹಾಗೆ ನಾವು ಬಾಯಮ್ಮ ಎಂದೇ ಕರೆದೆವು. ಹವಳದ ಮೇಲೆ ಲೋಳೆ ಕಟ್ಟಿ ಅದು ಬೆಳ್ಳಗಾಗುತ್ತಿತ್ತು. ಯಾವ ಕೊಳೆ, ಎಲ್ಲಿಂದ ಬರುತ್ತದೆ ಎಂದು ಹುಡುಕುವುದು ಅವರ ಕೆಲಸ.

"ನೀರಿನಲ್ಲಿ ಹೇಲು ಉಂಟು ಅಂತ ಹೇಳುವುದು ಸುಲಭ. ಯಾರದ್ದು ಅಂತ ಹೇಳುವುದು ಕಷ್ಟ" ಎನ್ನುತ್ತಿದ್ದರು. ದನದ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿ ಬೇರೆ, ಮನುಷ್ಯನ ಹೊಟ್ಟೆಯದ್ದು ಬೇರೆಯಂತೆ. ಅವುಗಳ ಡಿಎನ್‌ಎ ನೋಡಿದರೆ ಯಾರ ಹೊಟ್ಟೆಯಿಂದ ಬಂದದ್ದೆಂದು ಗೊತ್ತಾಗುತ್ತದಂತೆ. ಮಲ್ಪೆಯ ಮಂಜುಗಡ್ಡೆ ತುಂಬಿದ ಮೀನಿನ ಪೆಟ್ಟಿಗೆಯಲ್ಲಿ ಬಾಟಲಿಗಳನ್ನು ಇಟ್ಟು ಬಸ್ಸಿನಲ್ಲೇ ಒಯ್ಯುತ್ತಿದ್ದರು. ಒಮ್ಮೆ ಕಂಡಕ್ಟರ್ ತಡೆದ. "ಮೀನಾ ಬಾಯಮ್ಮ? ಹಿಂದೆ ಇಡಿ, ವಾಸನೆ ಬರ್ತದೆ."

"ಮೀನಲ್ಲ ಮಾರಾಯ, ಹೇಲು. ಮುಚ್ಚಳ ಗಟ್ಟಿ ಉಂಟು."

ಮಣಿಪಾಲದವರೆಗೂ ಅವರ ಪಕ್ಕದ ಸೀಟು ಖಾಲಿ.

ನಮ್ಮ ದನದ ಹಟ್ಟಿಗೆ ಅಧಿಕಾರಿಗಳಿಂದ ನೋಟಿಸು ಬಂದದ್ದು ಅದೇ ಸಮಯದಲ್ಲಿ. ಕಡಲ ಬದಿಯ ರೆಸಾರ್ಟಿನವರು ದೂರು ಕೊಟ್ಟಿದ್ದರು: ನಮ್ಮ ದನಗಳಿಂದ ತೋಡು ಕೆಟ್ಟು ಕಡಲು ಕೆಡುತ್ತಿದೆ, ಹಟ್ಟಿ ತೆಗೆಸಿ ಎಂದು. ವಿಚಾರಣೆಗೆ ಒಂದು ತಿಂಗಳು ಸಮಯ. ಆ ಹಾಲಿನಲ್ಲೇ ನಮ್ಮ ಮನೆ ನಡೆಯುವುದು. ಬಾಯಮ್ಮನಿಗೆ ಹೇಳಿದೆ. "ನಾನು ನಿಮ್ಮ ಪರವೂ ಅಲ್ಲ, ಅವರ ಪರವೂ ಅಲ್ಲ. ನೀರು ಎಂತ ಹೇಳ್ತದೋ ಅದನ್ನು ಬರೆಯುತ್ತೇನೆ" ಎಂದರು. ನನಗೆ ಸ್ವಲ್ಪ ಬೇಸರವಾಯಿತು.

ನೀರು ತುಂಬಿಸುವ ದಿನ ಕಡಲಿನ ಇಳಿತ ಬೆಳಗಿನ ಜಾವಕ್ಕೆ ಇತ್ತು, ಸಹಾಯಕ್ಕೆ ನನ್ನನ್ನು ಕರೆದರು. ಅವರು ದೋಣಿಯಲ್ಲಿ ಬಂಡೆಯ ಹತ್ತಿರ ಹೋದರು, ದಡದ ಏಳು ಬಾಟಲಿಗಳು ನನ್ನ ಪಾಲಿಗೆ. ಆರರಲ್ಲಿ ಬೇರೆ ಬೇರೆ ಜಾಗದ ನೀರು. ಏಳನೆಯದಕ್ಕೆ ಲ್ಯಾಬಿನಿಂದ ತಂದ ಶುದ್ಧ ನೀರನ್ನು ತೋಡಿನ ಬದಿಯಲ್ಲಿ ನಿಂತು ಸುರಿಯಬೇಕು, ಅಷ್ಟೇ. ಇದೆಂತಕ್ಕೆ ಎಂದು ನನಗೆ ಅರ್ಥವಾಗಲಿಲ್ಲ.

ವಾರ ಕಳೆದು ಬಂದವರು ಜಗಲಿಯಲ್ಲಿ ಕೂತು ಕೇಳಿದರು. "ಅಕ್ಕ, ಆ ದಿನ ನಾನು ಕೊಟ್ಟ ಗ್ಲೌಸು ಹಾಕಿದ್ರಾ?"

"ಹೊಸತಲ್ವಾ, ಸುಮ್ಮನೆ ಕೊಳೆಯಾಗ್ತದೆ ಅಂತ ತೆಗೆದಿಟ್ಟಿದ್ದೇನೆ."

"ಹಾಲು ಕರೆದು ಸೀದಾ ಬಂದದ್ದಾ?"

"ಕೈ ನೀರಲ್ಲಿ ತೊಳೆದಿದ್ದೆ."

ಅವರು ಲ್ಯಾಬಿನ ಹಾಳೆ ತೋರಿಸಿದರು. ಏಳನೇ ಬಾಟಲಿಯ ಶುದ್ಧ ನೀರಿನಲ್ಲೂ ದನದ ಗುರುತು ಸಿಕ್ಕಿತ್ತು, ಅಂದರೆ ಅದು ನನ್ನ ಕೈಯಿಂದಲೇ ಹೋದದ್ದು. ಸೆಗಣಿ ನಮಗೆ ಕೊಳೆಯೇ ಅಲ್ಲ, ಅಂಗಳ ಸಾರಿಸುವುದೇ ಅದರಲ್ಲಿ. ನನ್ನ ಕೈ ನಮ್ಮದೇ ದನಗಳ ವಿರುದ್ಧ ಸಾಕ್ಷಿ ಹೇಳಿತ್ತು.

ಆದರೆ ರೆಸಾರ್ಟಿನಿಂದ ಕೊಳೆನೀರು ಹೊರಬಿಡುವ ಪೈಪಿನ ಹತ್ತಿರದ ಬಾಟಲಿಯಲ್ಲಿ ಮನುಷ್ಯರದ್ದು ತುಂಬ ಇತ್ತು. "ಅದೊಂದನ್ನು ಇಟ್ಟುಕೊಳ್ಳಿ ಬಾಯಮ್ಮ, ಉಳಿದದ್ದು ಬಿಸಾಡಿ" ಎಂದು ಬೇಡಿಕೊಂಡೆ.

"ನಮಗೆ ಬೇಕಾದ್ದನ್ನು ಮಾತ್ರ ಇಟ್ಟುಕೊಂಡರೆ ಅದು ಪರೀಕ್ಷೆಯಲ್ಲ ಮಾರಾಯ್ತಿ, ಚಾಡಿ" ಎಂದು ಎಲ್ಲವನ್ನೂ ರದ್ದು ಮಾಡಿದರು. ವಿಚಾರಣೆಗೆ ಹತ್ತೇ ದಿನ ಉಳಿದಿತ್ತು. ಮರುದಿನ ನಸುಕಿಗೇ ಬಂದು, ನನ್ನನ್ನು ಬಾವಿಕಟ್ಟೆಯಲ್ಲಿ ನಿಲ್ಲಿಸಿ, ಮಗುವಿಗೆ ತೊಳೆಸುವ ಹಾಗೆ ನನ್ನ ಕೈ ತೊಳೆಸಿದರು. ಎಲ್ಲ ಬಾಟಲಿಗಳನ್ನೂ ಪುನಃ ತುಂಬಿಸಿದೆವು.

ಈ ಸಲ ಏಳನೆಯದು ಶುದ್ಧ. ಹವಳದ ಹತ್ತಿರ ಸಿಕ್ಕಿದ್ದು ಮನುಷ್ಯರದ್ದು, ಪೈಪಿನ ಹತ್ತಿರವೂ ಅದೇ. ಆದರೆ ನಮ್ಮ ಗೊಬ್ಬರದ ಗುಂಡಿಯ ಕೆಳಗೆ ತೋಡಿನಲ್ಲಿ ದನದ್ದೂ ಇತ್ತು. ಅವರು ಎರಡನ್ನೂ ಬರೆದರು.

ವಿಚಾರಣೆಯ ದಿನ ರೆಸಾರ್ಟಿನ ಮ್ಯಾನೇಜರ್ ವರದಿಯನ್ನು ಎತ್ತಿ ತೋರಿಸಿದ. "ದನದ್ದೂ ಉಂಟು ಅಂತ ಇವರೇ ಬರೆದಿದ್ದಾರೆ."

"ಉಂಟು, ತೋಡಿನಲ್ಲಿ" ಎಂದರು ಬಾಯಮ್ಮ. "ಇವರು ಈ ವಾರ ಗುಂಡಿಯನ್ನು ತೋಡಿನಿಂದ ದೂರ, ಮೇಲಕ್ಕೆ ಮಾಡ್ತಾರೆ. ಹವಳದ ಹತ್ತಿರ ಇರುವುದು ನಿಮ್ಮ ಕಡೆಯದ್ದು. ನೀವು ಪೈಪು ಯಾವ ವಾರ ತೆಗೀತೀರಿ?"

ವಿಚಾರಣೆ ನಡೆಸುತ್ತಿದ್ದ ಅಧಿಕಾರಿ ಕನ್ನಡಕ ತೆಗೆದು ಮೆತ್ತಗೆ ಹೇಳಿದರು. "ಮೇಡಂ, ವರದಿಯಲ್ಲಿ ಪೈಪಿನ ಸಾಲು ಬಿಟ್ಟುಬಿಡಿ. ಅವರು ಹಟ್ಟಿಯ ದೂರು ವಾಪಸ್ ತೆಗೀತಾರೆ. ಎಲ್ಲರಿಗೂ ಒಳ್ಳೆಯದಲ್ವಾ?"

ಬಾಯಮ್ಮ ನನ್ನ ಕಡೆ ತಿರುಗಿದರು. "ನಾನು ಬಿಡುವುದಿಲ್ಲ. ಹಟ್ಟಿ ಹೋದರೂ ಹೋಗಬಹುದು. ನಿಮಗೆ ನನ್ನ ಮೇಲೆ ಸಿಟ್ಟು ಬಂದರೆ ತಪ್ಪಲ್ಲ ಅಕ್ಕ."

ಕಾರ್ಕಳದ ನನ್ನ ತವರಿನಲ್ಲಿ ಹೆಂಗಸರು ಸಭೆಯಲ್ಲಿ ಮಾತಾಡುವ ಕ್ರಮವಿಲ್ಲ. ಆದರೂ ಎದ್ದು ನಿಂತೆ. "ಎರಡೂ ಸಾಲು ಇರಲಿ ಸರ್. ನಮ್ಮದು ನಾವು ಸರಿ ಮಾಡ್ತೇವೆ. ಅವರದ್ದು ಅವರು ಮಾಡಲಿ" ಎಂದೆ.

ನಾವು ಗುಂಡಿ ಮೇಲಕ್ಕೆ ಮಾಡಿದೆವು. ಬಾಯಮ್ಮ ಪುನಃ ಪರೀಕ್ಷಿಸಿ ಬರೆದುಕೊಟ್ಟ ಮೇಲೆ ಹಟ್ಟಿ ಉಳಿಯಿತು. ಅಧಿಕಾರಿಗಳು ಪೈಪನ್ನು ಮುಚ್ಚಿಸಿದರು. ಮಳೆಗಾಲ ಮುಗಿಯುವಷ್ಟರಲ್ಲಿ ಅದು ಪುನಃ ಬಾಯಿ ತೆರೆದಿತ್ತು. "ಅವರು ತೆರೆದಷ್ಟು ಸಲ ನಾವು ಬಾಟಲಿ ತುಂಬಿಸುವ" ಎಂದರು ಬಾಯಮ್ಮ. ಆಮೇಲೆ ಅವರಿಗೆ ಕಾಯಿಲೆ ಬಂತು; ಅದು ಜೋರಾಗಿ ದೋಣಿ ಹತ್ತಲಾಗದಿದ್ದಾಗಲೂ ಫೋನಿನಲ್ಲಿ ಮೊದಲು ಕೇಳುತ್ತಿದ್ದದ್ದು ಏಳನೆಯದನ್ನೇ. ಕಳೆದ ವರ್ಷ ಶಿರ್ವದ ಇಗರ್ಜಿಯ ಸ್ಮಶಾನದಲ್ಲಿ ಅವರನ್ನು ಮಣ್ಣು ಮಾಡಿದರು. ಆ ದಿನ ನಾನು ಅತ್ತೆಯನ್ನೂ ಕರೆದುಕೊಂಡು ಹೋಗಿದ್ದೆ.

ಇವತ್ತು ರೆಸಾರ್ಟಿನ ಗೇಟಿನ ಕಾವಲುಗಾರ ಕೇಳಿದ. "ಬಾಯಮ್ಮ ತೀರಿಕೊಂಡ್ರಲ್ಲ ಅಕ್ಕ, ಇನ್ನೆಂತಕ್ಕೆ ಈ ಕೆಲಸ?"

"ಲ್ಯಾಬು ಉಂಟಲ್ಲ. ಬಸ್ಸೂ ಉಂಟು" ಎಂದೆ.

ಸಂಜೆ ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ. ಅತ್ತೆ ಎರಡು ಸಲ ಬಡಿಸಿಕೊಂಡರು. ಚಾಪೆ ಬಿಡಿಸುತ್ತಾ ಕೇಳಿದರು, "ನಾಳೆಯೂ ಉಂಟಾ ಬಾಟಲಿ?"

"ಪೈಪು ಇರುವ ತನಕ ಉಂಟು."

"ಹಾಗಾದರೆ ಬೇಗ ಮಲಗು" ಎಂದು ಹೇಳಿ ಅವರೇ ಮೊದಲು ಮಲಗಿದರು.