ದಾಳಿಂಬೆಯ ಹರಾಜು

ಬ್ರೂಸ್‌ಪೇಟೆಯ ನಮ್ಮ ಓಣಿಯಲ್ಲಿ ಫೋಟೊ ಸ್ಟುಡಿಯೊ ಇಟ್ಟಿದ್ದ ಅವರನ್ನು ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ಕ್ಯಾಮೆರಾದ ಹಿಂದೆ ನಿಂತರೆ ಎಡಗೈ ಎತ್ತಿ “ಅಲ್ಲಾಡಬ್ಯಾಡ್ರಿ” ಎನ್ನುವುದು ಅವರ ರೂಢಿ. ಹರೆಯದಲ್ಲಿ ಹಿತ್ತಾಳೆ ತಂಬಿಗೆಯ ಪಕ್ಕ ಒಡೆದ ದಾಳಿಂಬೆ ಇಟ್ಟು ಕಪ್ಪು-ಬಿಳುಪು ಫೋಟೊ ತೆಗೆದಾಗ ದಾಳಿಂಬೆಗೂ ಹಾಗೆಯೇ ಹೇಳಿದ್ದರಂತೆ. ಇದು ಅವರ ಹೆಂಡತಿ ಚಾಚಿಯ ಆರೋಪ.

ಗಣಿಯ ದುಡ್ಡು ಊರೊಳಗೆ ಹರಿಯುತ್ತಿದ್ದ ವರ್ಷಗಳವು. ಗಾಂಧಿನಗರದ ಹೊಸ ಬಂಗಲೆಗಳಿಗೆ ಹಳೆಯ ಸಾಮಾನು ಬೇಕಾಗಿ, ಹೋಟೆಲೊಂದರಲ್ಲಿ ಹರಾಜು ಏರ್ಪಾಡಾಯಿತು. ಸ್ಟುಡಿಯೊದ ಮಾಳಿಗೆ ಸೋರುತ್ತಿದ್ದರಿಂದ, ಚಾಚಿಯ ಒತ್ತಾಯಕ್ಕೆ ಚಾಚಾ ಆ ಫೋಟೊವನ್ನು ಹರಾಜಿಗಿಟ್ಟರು. ಜೊತೆಗೆ ನಾನೂ ಹೋಗಿದ್ದೆ.

ಅದಿರಿನ ವ್ಯಾಪಾರಿಗಳಿಬ್ಬರು ಪೈಪೋಟಿಗೆ ಬಿದ್ದು ಬೆಲೆ ಏರಿಸಿದರು. ಚಾಚಾ ಮೀಸೆಯಡಿ ನಗುತ್ತಿದ್ದರು. ಅಷ್ಟರಲ್ಲಿ ಅವರಲ್ಲೊಬ್ಬ ಪಕ್ಕದವನಿಗೆ, “ಹಣ್ಣಿಗೆ ಕೆಂಪು ಬಣ್ಣ ಹೊಡಸ್ತೀನಿ. ಊಟದ ಕ್ವಾಣ್ಯಾಗ ಚಂದ ಕಾಣ್ತೈತಿ” ಎಂದ. ಚಾಚಾ ನಗು ನಿಲ್ಲಿಸಿ ಕೈ ಎತ್ತಿದರು. ಆತ ಏರಿಸಿದಂತೆಲ್ಲ ತಾವೂ ಏರಿಸಿದರು.

“ಚಾಚಾ, ಅದು ನಿಮ್ಮ ಫೋಟೊನೇ ಐತ್ರಿ!” ಎಂದು ನಾನು ತೋಳು ಜಗ್ಗಿದೆ.

“ಗೊತ್ತೈತಿ, ಸುಮ್ಕಿರು.”

ಇನ್ನೊಬ್ಬ ಆಗಲೇ ಹಿಂದೆ ಸರಿದಿದ್ದ; ಕೊನೆಗೆ ಈ ವ್ಯಾಪಾರಿಯೂ ಸಾಕಾಗಿ ಕೈಬಿಟ್ಟ. ಹರಾಜಿನವರಿಗೆ ದಲ್ಲಾಳಿ ಹಣ ತೆತ್ತು, ಚಾಚಾ ಫೋಟೊವನ್ನು ಬಗಲಲ್ಲಿ ಅವಚಿಕೊಂಡು ಮನೆಗೆ ಬಂದರು.

ಚಾಚಿ ಬಾಗಿಲಲ್ಲೇ ಕಾಯುತ್ತಿದ್ದರು. “ಮಾರಲಿಲ್ಲೇನ್ರಿ?”

“ಮಾರೀನಲ್ಲ. ಭಾಳ ಬೇಡಿಕಿ ಇತ್ತು.”

“ಮತ್ತ ಬಗಲಾಗ ಏನೈತಿ?”

ಚಾಚಾ ನನ್ನತ್ತ ತಿರುಗದೆ ಹೇಳಿದರು: “ತಗೊಂಡಾವ ಭಾಳ ಒಳ್ಳೆ ಮನುಷ್ಯ ಅದಾನ. ನಿಮ್ಮ ಮನಿಯಾಗ ಇಟ್ಕೊಳ್ರಿ ಅಂದ.”