ಡೇಗುಗಳ ಡಾಕ್ಟರಮ್ಮ

ಡಾಕ್ಟರಮ್ಮನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡು ಹೋಳಾಗಿ ಬೆಳೆದಿತ್ತು. ಸಿರುಗುಪ್ಪದ ಕಡೆ ಸರಕಾರಿ ದನದ ಆಸ್ಪತ್ರೆಯಲ್ಲಿದ್ದಾಗ, ಈಯಲಾರದೆ ಒದ್ದಾಡುತ್ತಿದ್ದ ಎಮ್ಮೆಯೊಂದು ಆ ಕೈಯನ್ನು ಕಂಬಕ್ಕೆ ಒತ್ತಿಬಿಟ್ಟಿತ್ತಂತೆ. "ಕರು ಉಳೀತು, ಉಗುರು ಹೋತು. ಲಾಭದ ವ್ಯಾಪಾರ" ಎಂದು ನಗುತ್ತಿದ್ದರು. ಅದೇ ಹೆಬ್ಬೆರಳನ್ನು ನಿಮ್ಮ ಡೇಗುಗಳ ಎದೆಗೆ ಆನಿಸಿ ಹಿಡಿದರೆ ಅವು ಮಿಸುಕುತ್ತಿರಲಿಲ್ಲ.

ಆಗ ನೀವಿಬ್ಬರೂ ಚಿಕ್ಕವರು. ಡೇಗು ಎಂದರೆ ಅಳಿಲಿಗಿಂತ ತುಸು ದಪ್ಪ, ಇಲಿಯ ಮುಖ, ಬಾಲದ ತುದಿಗೆ ಕುಂಚದಂಥ ಕೂದಲು. ನಿಮ್ಮಪ್ಪ ಎರಡನ್ನು ತಂದಾಗ, ದುಡ್ಡು ಕೊಟ್ಟು ಇಲಿ ತಂದನಲ್ಲ ಎಂದು ಒಳಗೇ ಅಂದುಕೊಂಡಿದ್ದೆ. ಅಂಗಡಿಯವನು ಎರಡೂ ಗಂಡು ಎಂದಿದ್ದ. ನೀವು ರಾಜ, ಮಂತ್ರಿ ಎಂದು ಹೆಸರಿಟ್ಟಿರಿ. ನೀವು ಶಾಲೆಗೆ, ಅಪ್ಪ ಅಮ್ಮ ಕೆಲಸಕ್ಕೆ ಹೋದ ಮೇಲೆ ಪಂಜರ ತೊಳೆಯುವುದು ಮನೆಯಲ್ಲೇ ಇರುವ ಅಜ್ಜಿ ಎಂದು ನನ್ನ ಪಾಲಿಗೆ ಬಂತು.

ಒಂದು ಬೆಳಿಗ್ಗೆ ಮಂತ್ರಿ ಕೂರುವ ಮೂಲೆಯ ಕಾಗದದ ಮೇಲೆ ಕೆಂಪು ಕಲೆ ಕಂಡಿತು. ನೀವು ಅಳತೊಡಗಿದಿರಿ. ನಿಮ್ಮಮ್ಮ ಎರಡನ್ನೂ ಪೆಟ್ಟಿಗೆಗೆ ಹಾಕಿ, ನಮ್ಮನ್ನೆಲ್ಲ ಆಟೋದಲ್ಲಿ ಕೂರಿಸಿಕೊಂಡು ಪಾರ್ವತಿನಗರದ ಡಾಕ್ಟರಮ್ಮನ ಹತ್ತಿರ ಕರೆದೊಯ್ದಳು. ನಿವೃತ್ತರಾದ ಮೇಲೆ ಅವರು ಮನೆಯ ಮುಂಗೋಣೆಯಲ್ಲೇ ನಾಯಿ, ಬೆಕ್ಕು, ಗಿಳಿಗಳನ್ನು ನೋಡುತ್ತಿದ್ದರು. ಮನುಷ್ಯರನ್ನು ಕನ್ನಡದಲ್ಲಿ ಗದರಿಸುವುದು, ಪ್ರಾಣಿಗಳನ್ನು ತೆಲುಗಿನಲ್ಲಿ ಮುದ್ದಿಸುವುದು ಅವರ ಪದ್ಧತಿ.

"ಉಚ್ಚಿ ಯಾವ ಬಣ್ಣ ಬರತೈತಿ? ಪಂಜರ ತೊಳೆಯೋರು ಯಾರು?" ಎಂದು ಕೇಳಿದರು.

ನಿಮ್ಮಮ್ಮ ನನ್ನ ಕಡೆ ನೋಡಿದಳು. ಬೆಂಚಿನ ಮೇಲೆ ನಾಯಿ ಹಿಡಿದುಕೊಂಡ ಗಂಡಸರು ಕೂತಿದ್ದರು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಕುರುಗೋಡಿನ ನನ್ನ ತವರಿನಲ್ಲಿ ಗಂಡಸರೆದುರು ಹೆಂಗಸರು ಆ ಮಾತು ಆಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

"ಹೇಳ್ರಿ ಅಮ್ಮಾ. ಅದು ಬೈಗುಳ ಅಲ್ಲ, ಸುದ್ದಿ. ಬಾಯಿಲ್ಲದ ಪ್ರಾಣಿ ನಮಗ ಕಳಿಸೋ ಸುದ್ದಿ."

"ಕೆಂಪಗ ಐತ್ರಿ" ಎಂದೆ, ನೆಲ ನೋಡುತ್ತ.

"ತಿನ್ನಾಕ ಏನು ಕೊಡ್ತೀರಿ?"

"ಒಣಹುಲ್ಲು. ಮತ್ತ ಮನ್ಯಾಗ ಕೆಂಪು ದಂಟಿನ ಸೊಪ್ಪು ತಂದಾಗ ಇದಕ್ಕೂ ನಾಕು ಎಲಿ. ರಾಜ ಮೂಸಂಗಿಲ್ಲ, ಇದ ತಿಂತೈತಿ."

ಪೆಟ್ಟಿಗೆಯಲ್ಲಿ ಬಿದ್ದಿದ್ದ ಹನಿಗೆ ಪರೀಕ್ಷೆಯ ಕಾಗದದ ಪಟ್ಟಿಯೊಂದನ್ನು ಅದ್ದಿ ನೋಡಿ, ರಕ್ತ ಅಲ್ಲ, ಸೊಪ್ಪಿನ ಬಣ್ಣ ಎಂದರು. ಆಮೇಲೆ ನನಗೆ ಪಾಠವಾಯಿತು. ಡೇಗುವಿನ ಮೂತ್ರ ಅರಿಶಿನದ ನೀರಿನಂತೆ ಇರಬಹುದು, ಅಕ್ಕಿ ತೊಳೆದ ನೀರಿನಂತೆ ಮಬ್ಬಾಗಿಯೂ ಇರಬಹುದು. ಒಣಗಿದ ಮೇಲೆ ಸುಣ್ಣದಂಥ ಬಿಳಿ ಉಳಿದರೆ ಹೆದರಬೇಕಿಲ್ಲ. ಒಣಗಿದ ಕಲೆಯ ಬಣ್ಣ ನಂಬಬಾರದು. ಬಿಳಿ ಕಾಗದ ಹಾಸಿ ಹಸಿಯಿದ್ದಾಗಲೇ ನೋಡಬೇಕು. ತಿಣುಕುತ್ತ ಹನಿಹನಿ ಹೊಯ್ದರೆ, ಅಂಟಂಟಾಗಿದ್ದರೆ, ಸೊಪ್ಪು ಬಿಟ್ಟ ಮೇಲೂ ಕೆಂಪು ನಿಲ್ಲದಿದ್ದರೆ ಕಾಯದೆ ತರಬೇಕು. ಇವಕ್ಕೆ ಸಕ್ಕರೆ ಕಾಯಿಲೆ ಬೇಗ ಹತ್ತುತ್ತದೆ, ಬೆಲ್ಲ ಮಾತ್ರ ತೋರಿಸಲೂ ಬಾರದು.

"ದಾ ತಲ್ಲಿ, ದಾ" ಎಂದು ತೆಲುಗಿನಲ್ಲಿ ಬಾ ತಾಯಿ ಎನ್ನುತ್ತ ಮಂತ್ರಿಯನ್ನು ಅಂಗೈ ಮೇಲೆ ಅಂಗಾತ ಮಾಡಿದರು. "ಬಾಲ ಹಿಡಿದು ಎತ್ತಬ್ಯಾಡ್ರಿ, ಚರ್ಮ ಸುಲಿದು ಕೈಗೆ ಬರತೈತಿ. ಇದು ಗಂಡು ಅಂತ ಯಾರು ಹೇಳಿದ್ರು?"

"ಅಂಗಡಿ ಅಂಕಲ್. ಮುಂದ ಸಣ್ಣ ತೊಟ್ಟು ಐತಲ್ಲ" ಎಂದ, ನಿಮ್ಮಲ್ಲಿ ದೊಡ್ಡವನು.

"ಅದು ಉಚ್ಚಿ ಹೊಯ್ಯೋ ತೊಟ್ಟು, ಗಂಡಿಗೂ ಇರತೈತಿ, ಹೆಣ್ಣಿಗೂ ಇರತೈತಿ. ಅದನ್ನ ನೋಡಿ ಹೇಳೋದಾದ್ರ ಊರಾಗಿನ ಡೇಗು ಎಲ್ಲಾ ಗಂಡೇ. ತೊಟ್ಟಿನಿಂದ ಹಿಂದಿನ ದ್ವಾರ ಎಷ್ಟು ದೂರ ಐತಿ, ಎರಡನ್ನೂ ಜೋಡಿ ಇಟ್ಟು ನೋಡಪ್ಪ. ರಾಜನಿಗೆ ನಡುವ ಒಂದು ಜೋಳದ ಕಾಳು ಕೂಡತೈತಿ. ಮಂತ್ರಿಗೆ ಜಾಗನ ಇಲ್ಲ, ಹತ್ತಿಕೊಂಡೇತಿ. ನಿಮ್ಮ ಮಂತ್ರಿ ರಾಣಿ ಅದಾಳ. ಬ್ಯಾರೆ ಬ್ಯಾರೆ ಇಡ್ರಿ, ಇಲ್ಲಂದ್ರ ದರ್ಬಾರು ತುಂಬತೈತಿ."

ಬೆಂಚಿನ ಗಂಡಸರು ನಕ್ಕರು. ನನಗೂ ನಗು ತಡೆಯಲಾಗಲಿಲ್ಲ.

ದಂಟಿನ ಸೊಪ್ಪು ನಿಲ್ಲಿಸಿದೆ. ಕೆಲವೇ ದಿನಗಳಲ್ಲಿ ರಾಣಿಯ ಕಾಗದ ಹಳದಿಗೆ ತಿರುಗಿತು. ಆ ಸೊಪ್ಪನ್ನು ನಾನೂ ಬಿಟ್ಟಿದ್ದೆ. ಯಾಕೆಂದು ಆಗ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಬೇಸಿಗೆಯಿಂದ ನನಗೂ ಆಗಾಗ ಕೆಂಪಗೆ ಹೋಗುತ್ತಿತ್ತು. ನೋವಿರಲಿಲ್ಲ. ಬಳ್ಳಾರಿ ಬಿಸಿಲಿಗೆ ಉಷ್ಣವಾಗಿದೆ ಎಂದು ಜೀರಿಗೆ ನೀರು ಕುಡಿಯುತ್ತಿದ್ದೆ. ಸೊಪ್ಪಿನ ಮಾತು ಕೇಳಿದ ಮೇಲೆ ಮನಸ್ಸು ಹಗುರಾಗಿತ್ತು. ಆದರೆ ರಾಣಿಯದು ತಿಳಿಯಾಯಿತು, ನನ್ನದು ಆಗಲಿಲ್ಲ. ನಿಮ್ಮ ತಾತ ಇದ್ದಿದ್ದರೆ ಅವರಿಗಾದರೂ ಹೇಳುತ್ತಿದ್ದೆನೋ ಏನೋ. ಮಗನಿಗೆ ಹೇಳಲು ಬಾಯಿ ಬರಲಿಲ್ಲ.

ಮತ್ತೆ ರಾಣಿಯನ್ನು ತೋರಿಸಲು ಹೋದಾಗ ಬೆಂಚು ಖಾಲಿಯಿತ್ತು. ನಿಮ್ಮಮ್ಮ ಹೊರಗೆ ಫೋನಿನಲ್ಲಿದ್ದಳು.

"ಇದರದು ಛಲೋ ಆತ್ರಿ" ಎಂದೆ. ಬಾಗಿಲ ಕಡೆ ಒಮ್ಮೆ ನೋಡಿ, "ಸೊಪ್ಪು ಬಿಟ್ಟರೂ ಮನುಷ್ಯರಿಗೆ ಕೆಂಪು ನಿಲ್ಲಲಿಲ್ಲಂದ್ರ ಏನ್ರಿ?" ಎಂದು ಕೇಳಿದೆ.

ಡಾಕ್ಟರಮ್ಮ ರಾಣಿಯನ್ನು ಪೆಟ್ಟಿಗೆಗೆ ಬಿಟ್ಟು ಮುಚ್ಚಳ ಹಾಕಿದರು. ಗಿಳಿ ನೋಡಿಕೊಂಡು ಬರ್ರಿ ಎಂದು ನಿಮ್ಮನ್ನು ಅಂಗಳಕ್ಕೆ ಕಳಿಸಿದರು.

"ನೋವು ಐತೇನು?"

"ಇಲ್ರಿ."

"ನೋವಿಲ್ಲ ಅಂತ ಸುಮ್ಮನ ಕೂತೀರೇನು? ನೋವಿಲ್ಲದ ಕೆಂಪಿಗೇ ಹೆಚ್ಚು ಹೆದರಬೇಕ್ರಿ. ನಾನು ದನದ ಡಾಕ್ಟರು, ನಿಮಗ ಔಷಧ ಕೊಡಂಗಿಲ್ಲ. ಏಳ್ರಿ, ಈಗ ದವಾಖಾನಿಗೆ ಹೋಗಾಕ ಬೇಕು."

ನಿಮ್ಮನ್ನೂ ಪೆಟ್ಟಿಗೆಯನ್ನೂ ಅಮ್ಮನ ಜೊತೆ ಮನೆಗೆ ಕಳಿಸಿ, ಬಾಗಿಲಿಗೆ ಬೀಗ ಹಾಕಿ, ನನ್ನ ಜೊತೆ ತಾವೇ ಆಟೋ ಹತ್ತಿದರು. ಅಲ್ಲಿದ್ದವರು ನಿಮ್ಮಪ್ಪನ ವಯಸ್ಸಿನ ಗಂಡು ಡಾಕ್ಟರು. ಅವರು ನನ್ನನ್ನು ಬಿಟ್ಟು ಡಾಕ್ಟರಮ್ಮನನ್ನು ಕೇಳಿದರು, "ಇವರಿಗೆ ಏನಾಗ್ತಿದೆ?"

"ನನ್ನ ಪೇಶೆಂಟ್ ಆಗಿದ್ರ ನಾನ ಹೇಳತಿದ್ದೆ. ಇವರಿಗೆ ಬಾಯಿ ಐತಿ, ಇವರನ್ನ ಕೇಳ್ರಿ" ಎಂದು ಗೋಡೆಯ ಕಡೆ ತಿರುಗಿ ಕೂತರು.

ಬಾಯಿಗೆ ಒತ್ತಿಕೊಂಡಿದ್ದ ಸೆರಗನ್ನು ಕೆಳಗಿಳಿಸಿದೆ. ನಾನೇ ಹೇಳಿದೆ. ಬಣ್ಣ ಹೇಳಿದೆ, ಯಾವಾಗಿನಿಂದ ಎಂದೂ ಹೇಳಿದೆ.

ಮೂತ್ರದ ಚೀಲದಲ್ಲಿ ಸಣ್ಣ ಗಂಟು ಇತ್ತು. ಆಳಕ್ಕೆ ಇಳಿಯುವ ಮೊದಲೇ ಸಿಕ್ಕಿತು, ತೆಗೆದರು. ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದು ನಿಮ್ಮಪ್ಪನಿಗೆ ಆ ಡಾಕ್ಟರು ಹೇಳಿದ್ದು ನನಗೂ ಕೇಳಿಸಿತು. ನೋಡಲು ಬಂದ ಡಾಕ್ಟರಮ್ಮ ಮಂಚದ ಮೇಲೆ ಕೂತು, "ಎಮ್ಮಿಗೆ ಬುದ್ಧಿ ಹೇಳಿದ್ದೆ, ನಿಮಗ ಹೇಳೋದು ಭಾಳ ಕಷ್ಟ ಆತು" ಎಂದರು. ನಿಮ್ಮ ಜೊತೆ ನಾನು ಕಳೆದ ಈ ವರ್ಷಗಳೆಲ್ಲ ಅವರು ಕೊಟ್ಟವು.

ಹೋದ ವರ್ಷ ಸಿರುಗುಪ್ಪದ ತಂಗಿಯ ಮನೆಯಲ್ಲಿ ಅವರು ತೀರಿಕೊಂಡರು. ನಾನು ನಿಮ್ಮಪ್ಪನ ಜೊತೆ ಹೋದೆ. ಅಂಗಳದ ತುಂಬ ದನ ಕಟ್ಟಿ ಬಾಳಿದ ಗಂಡಸರು. ಒಬ್ಬೊಬ್ಬರೂ ತಮ್ಮ ಎಮ್ಮೆ, ಎತ್ತು ಉಳಿದ ಕಥೆ ಹೇಳುತ್ತಿದ್ದರು. ದೇಹದ ಪಕ್ಕ ಚಾಪೆಯ ಮೇಲೆ ಕೂತಿದ್ದ ತಂಗಿಗೆ ಅವೆಲ್ಲ ಗೊತ್ತಿದ್ದವು, ಅಕ್ಕ ಹೇಳಿದ್ದರಂತೆ.

ನಾನು ಹೆಸರು ಹೇಳಿದಾಗ, "ನೀವು ಯಾರ್ರಿ? ಅಕ್ಕ ಒಂದ ದಿನನೂ ನಿಮ್ಮ ಹೆಸರು ಎತ್ತಿಲ್ಲ" ಎಂದರು.

ನನ್ನ ವಿಷಯವನ್ನು ಒಡಹುಟ್ಟಿದವಳಿಗೂ ಹೇಳದೆ, ಹೇಳುವುದನ್ನು ನನಗೇ ಬಿಟ್ಟು ಹೋಗಿದ್ದರು. ಅಷ್ಟು ಜನ ಗಂಡಸರ ನಡುವೆ ನಿಂತು, ಯಾವ ಕಾಯಿಲೆ, ಎಲ್ಲಿ, ಹೇಗೆ ಗೊತ್ತಾಯಿತು, ಎಲ್ಲವನ್ನೂ ಇದ್ದಂತೆ ಹೇಳಿದೆ. ಯಾರೂ ನಗಲಿಲ್ಲ. ತಂಗಿ ಚಾಪೆಯ ಮೇಲೆ ಸರಿದು, "ಬರ್ರಿ, ಅಕ್ಕನ ಹತ್ರ ಕೂಡ್ರಿ" ಎಂದರು.